ನೊಬೆಲ್ ಬಂದರೂ ನಿಲ್ಲದ ವಿಟಮಿನ್

ಜಿಮ್‌ಗೆ ಹೋಗೋರ ಬ್ಯಾಗಲ್ಲಿ ಫ್ಲೇವನಾಯ್ಡ್ ಮಾತ್ರೆ ಡಬ್ಬಿ ನೋಡಿರ್ತೀರಿ. ಸ್ನಾಯುಗೂ ಒಳ್ಳೇದು, ಹೃದಯಕ್ಕೂ ಒಳ್ಳೇದು ಅಂತ ಬರೆದಿರುತ್ತೆ. ಫ್ಲೇವನಾಯ್ಡ್ ಮತ್ತು ಸ್ನಾಯು, ಎರಡರ ಮೇಲೂ ಕೆಲಸ ಮಾಡಿದ ವಿಜ್ಞಾನಿಯೊಬ್ಬರಿದ್ದರು: ಆಲ್ಬರ್ಟ್ ಸೆಂಟ್-ಜಾರ್ಜಿ.

ಹುಟ್ಟಿದ್ದು 1893ರಲ್ಲಿ, ಬುಡಾಪೆಸ್ಟ್‌ನಲ್ಲಿ. ಮೆಡಿಕಲ್ ಓದುವಾಗಲೇ ಮೊದಲ ಮಹಾಯುದ್ಧಕ್ಕೆ ಹೋಗಬೇಕಾಯ್ತು. ಯುದ್ಧ ಸಾಕಾಗಿ ತಮ್ಮ ತೋಳಿಗೆ ತಾವೇ ಗುಂಡು ಹೊಡ್ಕೊಂಡು ವಾಪಸ್ ಬಂದು ಓದು ಮುಗಿಸಿದರು. ಮುಂದೆ ಹಂಗೇರಿಯ ಸೆಗೆಡ್‌ನಲ್ಲಿ ಪ್ರೊಫೆಸರ್ ಆದರು. ಆ ಊರಿನ ಪ್ರಸಿದ್ಧ ಪ್ಯಾಪ್ರಿಕಾ ಮೆಣಸಿನಕಾಯಿಯಿಂದ ವಿಟಮಿನ್ ಸಿ ಯನ್ನು ಕಿಲೋಗಟ್ಟಲೆ ತೆಗೆದರು. 1937ರಲ್ಲಿ ನೊಬೆಲ್ ಬಂತು.

ಅದಕ್ಕೆ ಒಂದು ವರ್ಷ ಮೊದಲು, ನಿಂಬೆ ಮತ್ತು ಪ್ಯಾಪ್ರಿಕಾದ ಫ್ಲೇವನಾಯ್ಡ್‌ಗಳು ಸಣ್ಣ ರಕ್ತನಾಳಗಳನ್ನು ಗಟ್ಟಿ ಮಾಡ್ತವೆ ಎಂದು ಅವರ ತಂಡ ಪ್ರಕಟಿಸಿತ್ತು. ಅದಕ್ಕೆ 'ವಿಟಮಿನ್ ಪಿ' ಅಂತ ಹೆಸರಿಟ್ಟರು. ಆದರೆ ಬೇರೆಯವರು ಪ್ರಯೋಗ ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. 1950ರಲ್ಲಿ ಆ ಹೆಸರನ್ನೇ ಕೈಬಿಡಲಾಯ್ತು.

ಅವರ ಸ್ನಾಯು ಸಂಶೋಧನೆ ಮಾತ್ರ ನಿಂತಿತು. ಎರಡನೇ ಮಹಾಯುದ್ಧದ ನಡುವೆ ಅವರ ಲ್ಯಾಬ್‌ನಲ್ಲಿ, ಸ್ನಾಯುವಿನ ಪ್ರೋಟೀನ್‌ಗಳಾದ ಆಕ್ಟಿನ್ ಮತ್ತು ಮಯೋಸಿನ್‌ಗಳ ಎಳೆ ಮಾಡಿ ಎಟಿಪಿ ಹಾಕಿದರೆ, ಎಳೆ ಗಾಜಿನ ತಟ್ಟೆಯಲ್ಲೇ ಕುಗ್ಗಿತು. ಬೇರೆ ಲ್ಯಾಬ್‌ಗಳಲ್ಲೂ ಅದೇ ಆಯ್ತು. ಇಂದಿಗೂ ಪಠ್ಯಪುಸ್ತಕದಲ್ಲಿ ಅದನ್ನೇ ಓದ್ತೀವಿ. 1947ರಲ್ಲಿ ಅಮೆರಿಕಕ್ಕೆ ಹೋದ ಅವರು 1986ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಬ್ಬರಲ್ಲ, ಒಬ್ಬರೇ ಮನುಷ್ಯ. ಒಂದು ಮಾತು ನಿಂತಿತು, ಇನ್ನೊಂದು ಬಿತ್ತು. ವ್ಯತ್ಯಾಸ ಮಾಡಿದ್ದು ಅವರ ಹೆಸರಲ್ಲ, ಮರುಪರೀಕ್ಷೆ. ಹಾಗಾಗಿ ಮುಂದಿನ ಸಲ ಡಬ್ಬಿ ಕೈಗೆ ಬಂದಾಗ ಕೇಳಿ: ಇದನ್ನ ಮತ್ತೆ ಮಾಡಿ ನೋಡಿದವರು ಯಾರು?