ಲೊಂಬ್ರೋಸೊ ಮತ್ತು ಹುಟ್ಟು ಅಪರಾಧಿ

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಇಂತಹ ನಂಬಿಕೆಗೆ ಶಾಸ್ತ್ರದ ವೇಷವನ್ನು ತೊಡಿಸಿ, ನ್ಯಾಯಾಲಯದ ಬಾಗಿಲಿನವರೆಗೂ ಕೊಂಡೊಯ್ದವನು ಇಟಲಿಯ ಚೆಸಾರೆ ಲೊಂಬ್ರೋಸೊ.

ಈತನು ೧೮೩೫ರ ನವೆಂಬರ್ ೬ರಂದು ವೆರೋನಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದನು. ವೈದ್ಯಶಾಸ್ತ್ರದಲ್ಲಿ ಪದವಿ ಪಡೆದು ಸೈನ್ಯವನ್ನು ಸೇರಿದನು. ಅಲ್ಲಿ ಸೈನಿಕರ ದೇಹಗಳನ್ನು ಅಳೆಯತೊಡಗಿದನು. ಬಳಿಕ ಹುಚ್ಚಾಸ್ಪತ್ರೆಗಳಲ್ಲಿ ದುಡಿದು, ೧೮೭೬ರಲ್ಲಿ ಟೂರಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ದಕ್ಷಿಣ ಇಟಲಿಯ ವಿಲ್ಲೆಲ್ಲಾ ಎಂಬ ಕೈದಿಯ ತಲೆಬುರುಡೆಯ ಹಿಂಭಾಗದಲ್ಲಿ ಅಸಾಧಾರಣವಾದ ಕುಳಿಯೊಂದನ್ನು ಕಂಡದ್ದೇ ಆತನ ಬಾಳಿನ ತಿರುವು. ಅಂತಹ ಕುಳಿಯು ಕೆಳಗಣ ಪ್ರಾಣಿಗಳಲ್ಲಿರುವುದರಿಂದ, ಅಪರಾಧಿಯು ವಿಕಾಸದ ಹಿಂದಿನ ಮೆಟ್ಟಿಲಿಗೆ ಜಾರಿದವನೆಂದು ಆತನು ತೀರ್ಮಾನಿಸಿದನು. ೧೮೭೬ರಲ್ಲಿ ಪ್ರಕಟವಾದ ‘ಅಪರಾಧಿ ಮಾನವ’ ಎಂಬ ಗ್ರಂಥದಲ್ಲಿ ದೊಡ್ಡ ದವಡೆ, ಚಾಚಿದ ಕಿವಿ, ನೀಳವಾದ ತೋಳು ಮುಂತಾದುವನ್ನು ಹುಟ್ಟು ಅಪರಾಧಿಯ ಗುರುತುಗಳೆಂದು ಎಣಿಸಿದನು.

ಲೊಂಬ್ರೋಸೊ ಕೆಡುಕನಾಗಿರಲಿಲ್ಲ. ಅನೇಕರು ಸಂದರ್ಭದ ಒತ್ತಡದಿಂದ ತಪ್ಪಿತಸ್ಥರಾಗುವರೆಂದು ಒಪ್ಪಿ, ಅವರಿಗೆ ಸೆರೆಮನೆಗಿಂತ ಸೌಮ್ಯವಾದ ಉಪಾಯಗಳನ್ನು ಬಯಸಿದನು. ಹುಟ್ಟು ಅಪರಾಧಿಗಳು ಸುಮಾರು ಮೂರನೆಯ ಒಂದು ಪಾಲು ಮಾತ್ರವೆಂದು ಮುಂದೆ ತಿದ್ದಿಕೊಂಡನು. ಆದರೆ ಶಿಕ್ಷೆಯು ಕೃತ್ಯಕ್ಕಲ್ಲದೆ ಮನುಷ್ಯನ ಸ್ವಭಾವಕ್ಕೆ ತಕ್ಕಂತಿರಬೇಕೆಂಬ ಆತನ ವಾದಕ್ಕೆ ಎರಡು ಅಲಗುಗಳಿದ್ದುವು. ಸುಧಾರಿಸಬಲ್ಲವನಿಗೆ ದಯೆ, ಸುಧಾರಿಸಲಾರನೆಂದು ಹಣೆಪಟ್ಟಿ ಹಚ್ಚಿಸಿಕೊಂಡವನಿಗೆ ಜೀವಾವಧಿ ಬಂಧನ, ಕಡೆಗೆ ಗಲ್ಲು ಸಹ.

ಅಪರಾಧವು ರಕ್ತದಲ್ಲಿದೆಯೆಂಬ ನಂಬಿಕೆ ಆತನೊಬ್ಬನದೇ ಅಲ್ಲ. ಆತನ ಗ್ರಂಥಕ್ಕಿಂತ ಐದು ವರ್ಷ ಮೊದಲೇ, ೧೮೭೧ರಲ್ಲಿ, ಬ್ರಿಟಿಷ್ ಸರಕಾರವು ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಸಾರಲು ದಾರಿ ಮಾಡಿತು. ನಮ್ಮ ಹುಬ್ಬಳ್ಳಿಯಲ್ಲಿಯೂ ಅಂಥವರನ್ನು ಕೂಡಿಟ್ಟ ಸೆಟ್ಲ್‌ಮೆಂಟ್ ಇದ್ದಿತು. ಕಾಯಿದೆಯು ರದ್ದಾದುದು ೧೯೫೨ರಲ್ಲಿ. ಅಮೆರಿಕದ ಇಂಡಿಯಾನಾ ಸಂಸ್ಥಾನವು ೧೯೦೭ರಲ್ಲಿ, ರೂಢಿಗತ ಅಪರಾಧಿಗಳೇ ಮೊದಲಾದವರಿಗೆ ಸಂತಾನಶಕ್ತಿಹರಣ ಮಾಡಲು ಕಾನೂನು ಮಾಡಿತು. ಓಕ್ಲಹೋಮಾದ ಇಂತಹುದೇ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೪೨ರಲ್ಲಿ ತಳ್ಳಿಹಾಕಿತು.

ಲೊಂಬ್ರೋಸೊ ೧೯೦೯ರಲ್ಲಿ ಟೂರಿನ್ನಿನಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, ಸೆರೆಮನೆಯ ವೈದ್ಯನಾಗಿದ್ದ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗನು ಸುಮಾರು ಮೂರು ಸಾವಿರ ಕೈದಿಗಳ ಅಳತೆಗಳನ್ನು ವಿದ್ಯಾರ್ಥಿಗಳು, ಸೈನಿಕರು ಮೊದಲಾದವರ ಅಳತೆಗಳೊಡನೆ ಹೋಲಿಸಿ, ಅಪರಾಧಿಗೆಂದೇ ಬೇರೆ ದೇಹಲಕ್ಷಣವಿಲ್ಲವೆಂದು ತೋರಿಸಿದನು. ಸ್ವಂತ ಇಚ್ಛೆಯಂತೆ ಲೊಂಬ್ರೋಸೊನ ಅಸ್ಥಿಪಂಜರವು ಆತನೇ ಕಟ್ಟಿದ ವಸ್ತುಸಂಗ್ರಹಾಲಯವನ್ನು ಸೇರಿತು.

ಆತನ ಸಿದ್ಧಾಂತವು ಬಿದ್ದುಹೋಯಿತು. ಆದರೆ ಹುಟ್ಟನ್ನು ನೋಡಿ ಮನುಷ್ಯನ ಯೋಗ್ಯತೆಯನ್ನು ಗೊತ್ತುಮಾಡುವ ರೂಢಿ ನಮ್ಮ ನಾಡಿನಲ್ಲಿಯೂ ಹಳೆಯದು. ನಾಳೆ ಅಧ್ಯಾಪಕರೋ ಅಧಿಕಾರಿಗಳೋ ಆಗಲಿರುವ ನಾವು, ಎದುರಿಗೆ ನಿಂತವನ ಕುಲವನ್ನಾಗಲಿ ಮುಖವನ್ನಾಗಲಿ ನೋಡದೆ, ಆತನು ಮಾಡಿದ್ದೇನೆಂಬುದನ್ನು ಮೊದಲು ವಿಚಾರಿಸಬೇಕು.