ಓದುಬರಹ ಬಾರದ ತಾಯಿ ಬೆಳೆಸಿದ ಸಂತ

ಇಂದು ನಮ್ಮ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮನೆ ಬಿಟ್ಟು ದೂರದ ಊರುಗಳಿಗೆ ಹೋಗುತ್ತಿದ್ದಾರೆ. ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಇರುವಾಗ ಅವರು ಪ್ರಾರ್ಥಿಸುವರೇ? ಭಾನುವಾರ ಬಲಿಪೂಜೆಗೆ ಹೋಗುವರೇ? ಈ ಚಿಂತೆ ಅನೇಕ ತಂದೆತಾಯಂದಿರನ್ನು ಕಾಡುತ್ತದೆ. ಯುವಜನರ ತಂದೆಯೆಂದು ಹೆಸರಾದ ಸಂತ ಜಾನ್ ಬೋಸ್ಕೊ ಅವರ ತಾಯಿಯೂ ಒಮ್ಮೆ ತಮ್ಮ ಪುಟ್ಟ ಮಗನನ್ನು ಹೀಗೆಯೇ ಮನೆಯಿಂದ ಹೊರಗೆ ಕಳುಹಿಸಬೇಕಾಯಿತು.

ಜಾನ್ 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ ಜನಿಸಿದರು. ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಫ್ರಾನ್ಸಿಸ್ ನ್ಯುಮೋನಿಯಾದಿಂದ ತೀರಿಕೊಂಡರು. ತಾಯಿ ಮಾರ್ಗರಿತಾ ಅವರಿಗೆ ಆಗ 29 ವರ್ಷ. ಪತಿಯ ಮೊದಲ ಹೆಂಡತಿಯ ಮಗ ಆಂತೋನಿ, ತಮ್ಮ ಮಕ್ಕಳಾದ ಜೋಸೆಫ್ ಮತ್ತು ಜಾನ್, ವೃದ್ಧ ಅತ್ತೆ, ಇವರೆಲ್ಲರ ಭಾರ ಆಕೆಯ ಮೇಲೆ ಬಿತ್ತು. ಸಾಲದ್ದಕ್ಕೆ ಆ ವರ್ಷ ಬರಗಾಲ ಬೇರೆ.

ಮಾರ್ಗರಿತಾ ಅವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಜ್ಞಾನೋಪದೇಶ ಬಾಯಿಪಾಠವಾಗಿತ್ತು. ಬೆಳಿಗ್ಗೆ, ಸಂಜೆ ಮಕ್ಕಳೊಡನೆ ತಾವೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ನಕ್ಷತ್ರ ತುಂಬಿದ ಆಕಾಶವನ್ನು ತೋರಿಸಿ ಅದನ್ನು ಸೃಷ್ಟಿಸಿದವರು ಯಾರೆಂದು ಹೇಳಿಕೊಡುತ್ತಿದ್ದರು. ಬಾಗಿಲಿಗೆ ಬಂದ ಬಡವರನ್ನು ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ. ಜಾನ್ ಪ್ರಥಮ ಪರಮಪ್ರಸಾದ ಸ್ವೀಕರಿಸುವಾಗ ತಾಯಿಯೇ ಅವನನ್ನು ಸಿದ್ಧಪಡಿಸಿದರು. ಆ ದಿನ ಹೊಲದ ಕೆಲಸಕ್ಕೆ ಹಚ್ಚದೆ, ಪ್ರಾರ್ಥನೆಯಲ್ಲಿಯೂ ಓದಿನಲ್ಲಿಯೂ ಕಳೆಯಲು ಬಿಟ್ಟರು.

ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಒಂದು ಕನಸು ಕಂಡನು. ಜಗಳವಾಡುತ್ತಿದ್ದ ಹುಡುಗರನ್ನು ಹೊಡೆತದಿಂದಲ್ಲ, ಪ್ರೀತಿಯಿಂದ ಗೆಲ್ಲಬೇಕೆಂಬ ಕರೆ ಅದರಲ್ಲಿತ್ತು. ಮುಂದೆ ಸಂತೆಯಲ್ಲಿ ಕಂಡ ದೊಂಬರಾಟವನ್ನು ಕಲಿತು ಊರ ಹುಡುಗರನ್ನು ಸೇರಿಸತೊಡಗಿದ. ಹಗ್ಗದ ಮೇಲೆ ನಡೆದು ತೋರಿಸುವ ಮುನ್ನ ಅವರಿಂದ ಜಪಸರ ಹೇಳಿಸಿ, ಭಾನುವಾರ ಕೇಳಿದ ಪ್ರಬೋಧನೆಯನ್ನು ಒಪ್ಪಿಸುತ್ತಿದ್ದ.

ಆದರೆ ಹೊಲದ ದುಡಿಮೆಯನ್ನು ಹೊತ್ತಿದ್ದ ಅಣ್ಣ ಆಂತೋನಿಗೆ ತಮ್ಮನ ಓದು ಹಿಡಿಸಲಿಲ್ಲ. ಮನೆಯಲ್ಲಿ ದಿನವೂ ಜಗಳ. ಕಡೆಗೆ 1828ರ ಫೆಬ್ರವರಿಯ ಚಳಿಯಲ್ಲಿ ತಾಯಿ ಕರುಳು ಕಿತ್ತು ಬರುವ ನಿರ್ಧಾರ ಮಾಡಿದರು. ಹನ್ನೆರಡು ವರ್ಷದ ಜಾನ್ ಬಟ್ಟೆಗಂಟು ಹೊತ್ತು ಕೂಲಿಯಾಳಾಗಲು ಹೊರಟನು. ಮೊಲ್ಯಾ ಎಂಬ ರೈತ ಕುಟುಂಬ ಅವನಿಗೆ ಕೆಲಸ ಕೊಟ್ಟಿತು. ಅಲ್ಲಿ ಅವನಿಗೆ ಪ್ರಾರ್ಥಿಸು ಎಂದು ಹೇಳಲು ತಾಯಿ ಇರಲಿಲ್ಲ. ಆದರೂ ಮಧ್ಯಾಹ್ನದ ಗಂಟೆ ಕೇಳಿದಾಗ ಮೊಣಕಾಲೂರಿ ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದನು. ಸುತ್ತಲಿನ ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದನು. ಹೀಗೆ ಸುಮಾರು ಎರಡು ವರ್ಷ ಕಳೆಯಿತು. ಮನೆಯಲ್ಲಿ ಬಿತ್ತಿದ ಬೀಜ ಪರರ ಹೊಲದಲ್ಲಿಯೂ ಬಾಡಲಿಲ್ಲ.

ಕಷ್ಟಪಟ್ಟು ಓದಿದ ಜಾನ್ 1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಅದೇ ಡಿಸೆಂಬರ್ 8ರಂದು ಅಲ್ಲಿನ ಸಂತ ಫ್ರಾನ್ಸಿಸ್ ದೇವಾಲಯದಲ್ಲಿ ಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜಾಸೇವೆ ಬಾರದ ಬಡ ಹುಡುಗನೊಬ್ಬನನ್ನು ದೇವಾಲಯದ ಸೇವಕ ಹೊಡೆದು ಓಡಿಸಿದನು. ಗುರುಗಳು ಅವನನ್ನು ಮರಳಿ ಕರೆಸಿದರು. ಅವನೇ ತಬ್ಬಲಿ ಬಾರ್ತೊಲೊಮೆಯೊ ಗರೆಲ್ಲಿ. ಓದು ಬರುತ್ತದೆಯೇ ಎಂದರೆ ಇಲ್ಲ, ಹಾಡು ಬರುತ್ತದೆಯೇ ಎಂದರೂ ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ ಎಂದಾಗ ಹುಡುಗ ನಕ್ಕುಬಿಟ್ಟ. ಆ ನಗುವಿನ ನಂತರವೇ ಜ್ಞಾನೋಪದೇಶ ಆರಂಭವಾದದ್ದು. ಅಂದು ಜೊತೆಯಾಗಿ ಹೇಳಿದ ಒಂದು ನಮೋ ಮರಿಯಾ ಜಪದಿಂದಲೇ ತಮ್ಮ ಸೇವೆ ಮೊಳೆಯಿತೆಂದು ಡಾನ್ ಬೋಸ್ಕೊ ನಂಬಿದ್ದರು.

ಹುಡುಗರ ಸಂಖ್ಯೆ ನೂರಾರಾಯಿತು. 1846ರ ನವೆಂಬರ್ 3ರಂದು 58 ವರ್ಷದ ತಾಯಿ ತಮ್ಮ ಹಳ್ಳಿ ಬಿಟ್ಟು ಮಗನೊಡನೆ ಕಾಲ್ನಡಿಗೆಯಲ್ಲಿಯೇ ಟ್ಯೂರಿನ್ನಿನ ವಾಲ್ದೊಕ್ಕೊ ಪ್ರದೇಶಕ್ಕೆ ಬಂದರು. 1847ರ ಮೇ ತಿಂಗಳ ಒಂದು ರಾತ್ರಿ ಮಳೆಯಲ್ಲಿ ನೆನೆದ ಹುಡುಗನೊಬ್ಬ ಆಶ್ರಯ ಕೇಳಿದನು. ತಾಯಿ ಅಡುಗೆಮನೆಯಲ್ಲಿಯೇ ಇಟ್ಟಿಗೆ, ಹಲಗೆಗಳನ್ನು ಜೋಡಿಸಿ ಹಾಸಿಗೆ ಮಾಡಿದರು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೇವಭಕ್ತಿಯ ಕುರಿತು ನಾಲ್ಕು ಮಾತು ಹೇಳಿದರು. ಸಲೇಷಿಯನ್ ಮನೆಗಳಲ್ಲಿ ರಾತ್ರಿ ಮಕ್ಕಳಿಗೆ ಹಿತವಚನ ಹೇಳುವ ಪದ್ಧತಿ ಅಲ್ಲಿಂದಲೇ ಬಂದಿತೆಂದು ಹೇಳುತ್ತಾರೆ.

ಆ ತಾಯಿಗೂ ತಾಳ್ಮೆ ಮುಗಿದ ದಿನವೊಂದಿತ್ತು. ಆಟದ ಭರದಲ್ಲಿ ಹುಡುಗರು ತರಕಾರಿ ತೋಟವನ್ನೆಲ್ಲ ತುಳಿದು ಹಾಕಿದಾಗ ಊರಿಗೆ ಮರಳುವೆನೆಂದರು. ಮಗ ಮಾತಾಡದೆ ಗೋಡೆಯ ಶಿಲುಬೆಯನ್ನು ತೋರಿಸಿದರು. ಆಕೆ ಅಲ್ಲಿಯೇ ಉಳಿದು, 1856ರ ನವೆಂಬರ್ 25ರಂದು ಸಾಯುವವರೆಗೂ ಆ ಮಕ್ಕಳಿಗೆ ಅಡುಗೆ ಮಾಡಿದರು, ಹರಿದ ಬಟ್ಟೆ ಹೊಲಿದರು. ಆ ಮನೆಯಲ್ಲಿ ಬೆಳೆದವರಲ್ಲಿ ಒಬ್ಬನು, ಹದಿನೈದು ತುಂಬುವ ಮೊದಲೇ 1857ರಲ್ಲಿ ಮಡಿದ ಸಂತ ಡೊಮಿನಿಕ್ ಸಾವಿಯೊ.

1859ರಲ್ಲಿ ಸಲೇಷಿಯನ್ ಸಭೆಯನ್ನು ಸ್ಥಾಪಿಸಿದ ಡಾನ್ ಬೋಸ್ಕೊ, ವಿವೇಕ, ಧರ್ಮ, ಪ್ರೀತಿ ಈ ಮೂರನ್ನು ಶಿಕ್ಷಣದ ತಳಹದಿಯಾಗಿಸಿದರು. 1888ರ ಜನವರಿ 31ರಂದು ನಿಧನರಾದ ಅವರು 1934ರಲ್ಲಿ ಸಂತರೆಂದು ಘೋಷಿತರಾದರು. 2006ರಲ್ಲಿ ಧರ್ಮಸಭೆ ಅವರ ತಾಯಿಯ ವೀರೋಚಿತ ಸದ್ಗುಣಗಳನ್ನೂ ಅಧಿಕೃತವಾಗಿ ಅಂಗೀಕರಿಸಿತು.

ಪ್ರಿಯ ತಂದೆತಾಯಂದಿರೇ, ಮಕ್ಕಳನ್ನು ಜ್ಞಾನೋಪದೇಶದ ತರಗತಿಗೆ ಕಳುಹಿಸಿದೊಡನೆ ನಮ್ಮ ಹೊಣೆ ಮುಗಿಯದು. ಪ್ರಾರ್ಥಿಸು ಎಂದು ಗದರಿಸುವ ಬದಲು ಅವರ ಪಕ್ಕದಲ್ಲಿ ನಾವೂ ಮೊಣಕಾಲೂರೋಣ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು ಮಕ್ಕಳ ಬಳಿ ಐದು ನಿಮಿಷ ಕುಳಿತು ಮಾತಾಡೋಣ. ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಫೋನ್ ಮಾಡಿದಾಗ, ಊಟವಾಯಿತೇ ಎಂದು ಕೇಳಿದ ಮೇಲೆ, ಅವರಿಗಾಗಿ ಇಂದು ಪ್ರಾರ್ಥಿಸಿದೆವೆಂದು ತಿಳಿಸೋಣ.