ಬಡಕಣಿವೆಯ ಪದಸಂಗ್ರಾಹಕ

ಅಮೆರಿಕದ ವರ್ಜೀನಿಯಾ ಸಂಸ್ಥಾನದ ನೈಋತ್ಯದ ಅಂಚಿನಲ್ಲಿ, ಅಪಲೇಷಿಯನ್ ಪರ್ವತಶ್ರೇಣಿಯ ಮಡಿಲಲ್ಲಿ, ಕ್ಲಿಂಚ್ ಎಂಬ ಬೆಟ್ಟಸಾಲೊಂದಿದೆ. ಅದರ ತಪ್ಪಲಿನ ಇಕ್ಕಟ್ಟಾದ ಕಣಿವೆಗೆ ಅಲ್ಲಿಯ ಜನ ಇಟ್ಟ ಹೆಸರು ಬಡಕಣಿವೆ. ಆ ಕಣಿವೆಯ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯಲ್ಲಿ 1891ರ ಡಿಸೆಂಬರ್ 15ರಂದು ಆಲ್ವಿನ್ ಪ್ಲೆಸೆಂಟ್ ಕಾರ್ಟರ್ ಹುಟ್ಟಿದ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಜನಪ್ರಿಯ ಸಂಗೀತವೆಂದು ಜಗತ್ತೆಲ್ಲ ಕೇಳಿದ ಹಾಡುಗಳ ಬೇರು ಹುಡುಕುತ್ತ ಹೊರಟವರು ನ್ಯೂಯಾರ್ಕಿನ ರಂಗಮಂದಿರಗಳನ್ನು ಹಿಂದೆ ಬಿಟ್ಟು, ದಕ್ಷಿಣದ ಹತ್ತಿಯ ಹೊಲಗಳಿಗೂ ಇಂಥ ಬಡಕಣಿವೆಗಳಿಗೂ ಬಂದು ಸೇರಬೇಕಾಗುತ್ತದೆ. ಅಲ್ಲಿ ಮೊದಲು ಎದುರಾಗುವ ಕೆಲವೇ ಹೆಸರುಗಳಲ್ಲಿ ಎ. ಪಿ. ಕಾರ್ಟರನ ಹೆಸರೂ ಒಂದು.

ಈತನಿಗೆ ಹುಟ್ಟಿನಿಂದಲೇ ಕೈನಡುಕ. ದನಿಯಲ್ಲಿಯೂ ಅದೇ ನಡುಕ. ಬಸುರಿಯಾಗಿದ್ದಾಗ ತಾಯಿ ನಿಂತಿದ್ದ ಮರಕ್ಕೆ ಸಿಡಿಲು ಬಡಿದಿತ್ತೆಂದೂ, ನಡುಕ ಆ ಸಿಡಿಲಿನ ಕೊಡುಗೆಯೆಂದೂ ಮನೆಯವರು ನಂಬಿದ್ದರು. ತಂದೆ ಯೌವನದಲ್ಲಿ ಬ್ಯಾಂಜೋ ನುಡಿಸುತ್ತಿದ್ದವನು. ಮದುವೆಯಾದ ಮೇಲೆ ಅದು ಧರ್ಮಕ್ಕೆ ಸಲ್ಲದ ವಾದ್ಯವೆಂದು ಕೈಬಿಟ್ಟ. ಮಗನಿಗೆ ಪಿಟೀಲು ಸಿಕ್ಕಿತು, ಇಗರ್ಜಿಯ ಮೇಳದಲ್ಲಿ ಹಾಡುವ ಅವಕಾಶವೂ ಸಿಕ್ಕಿತು. ಆದರೆ ಒಂದೆಡೆ ನಿಲ್ಲುವ ಸ್ವಭಾವ ಮಾತ್ರ ಸಿಗಲಿಲ್ಲ. ರೈಲ್ವೆ ಕೆಲಸವನ್ನರಸಿ ಇಂಡಿಯಾನಾ ಸಂಸ್ಥಾನಕ್ಕೆ ಹೋಗಿ, ವಿಷಮಜ್ವರ ಹಿಡಿಸಿಕೊಂಡು ಮನೆಗೆ ಮರಳಿದ. ಅನಂತರ ಹಿಡಿದದ್ದು ಹಣ್ಣಿನ ಸಸಿಗಳನ್ನು ಮನೆಮನೆಗೆ ಮಾರುವ ವೃತ್ತಿ. ಬೇಸಾಯಕ್ಕಿಂತ ತಿರುಗಾಟವೇ ಹೆಚ್ಚಾದ ಈ ಉದ್ಯೋಗ ಅವನ ಪ್ರಕೃತಿಗೆ ಚೆನ್ನಾಗಿ ಒಪ್ಪಿತು.

ಹಾಗೆ ತಿರುಗುತ್ತ ಬೆಟ್ಟದಾಚೆಯ ಕಾಪರ್ ಕ್ರೀಕಿಗೆ ಹೋದಾಗ ಸಾರಾ ಡೋಹರ್ಟಿ ಎಂಬ ಹುಡುಗಿ ಹಾಡುವುದನ್ನು ಕೇಳಿದನಂತೆ. ತಾಯಿಯಿಲ್ಲದೆ ಬಂಧುಗಳ ಆಶ್ರಯದಲ್ಲಿ ಬೆಳೆದ ಆಕೆ ಆಟೋಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುತ್ತ ಹಾಡುತ್ತಿದ್ದಳು. ಹೆಂಗಸರಲ್ಲಿ ಅಪರೂಪವಾದ ಮಂದ್ರಕಂಠ. ಅದರಲ್ಲಿ ಲಾಲಿತ್ಯಕ್ಕಿಂತ ಗಾಂಭೀರ್ಯ ಹೆಚ್ಚು. 1915ರ ಜೂನ್ 18ರಂದು ಇಬ್ಬರಿಗೂ ಮದುವೆಯಾಯಿತು. ಮುಂದೆ 1926ರಲ್ಲಿ ಸಾರಾಳ ಸೋದರಸಂಬಂಧಿ ಮೇಬೆಲ್ ಎಂಬಾಕೆ ಕಾರ್ಟರನ ತಮ್ಮ ಎಜ್ರಾನನ್ನು ಮದುವೆಯಾಗಿ ಅದೇ ಕಣಿವೆಗೆ ಬಂದಳು. ಈ ಚಿಕ್ಕವಳ ಗಿಟಾರು ವಾದನ ಅಸಾಧಾರಣವಾದುದು. ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ಮಟ್ಟನ್ನು ನುಡಿಸುತ್ತ, ಉಳಿದ ಬೆರಳುಗಳಿಂದ ತೆಳು ತಂತಿಗಳನ್ನು ಸವರಿ ಲಯ ಹಿಡಿಯುತ್ತಿದ್ದಳು. ಕೇಳುವವರಿಗೆ ಎರಡು ವಾದ್ಯಗಳ ಭ್ರಮೆ. ಅದುವರೆಗೆ ಹಾಡಿಗೆ ಊರುಗೋಲಾಗಿ ಮಾತ್ರ ಇದ್ದ ಗಿಟಾರು ಹಾಡನ್ನು ತಾನೇ ಹೇಳಬಲ್ಲ ವಾದ್ಯವಾದದ್ದರಲ್ಲಿ ಈಕೆಯ ಪಾಲು ದೊಡ್ಡದು.

ಆ ಬೆಟ್ಟಗಳ ಹಾಡಿನ ಸಂಪತ್ತನ್ನು ವಿದ್ವಾಂಸರು ಅರಿಯದೆ ಇರಲಿಲ್ಲ. ಇಂಗ್ಲೆಂಡಿನ ಸೆಸಿಲ್ ಶಾರ್ಪ್ 1916ರಿಂದ 1918ರವರೆಗೆ ಅಪಲೇಷಿಯನ್ ಹಳ್ಳಿಗಳಲ್ಲಿ ಅಲೆದು ನೂರಾರು ಲಾವಣಿಗಳನ್ನು ಬರೆದುಕೊಂಡಿದ್ದ. ಆದರೆ ಶಾರ್ಪ್ ಅರಸಿದ್ದು ತನ್ನ ನಾಡಿನ ಪುರಾತನ ಕಥನಗೀತೆಗಳನ್ನು; ಉಳಿದದ್ದು ಅವನ ಜರಡಿಯಲ್ಲಿ ಬಹುಮಟ್ಟಿಗೆ ನಿಲ್ಲಲಿಲ್ಲ. ಕಾರ್ಟರನ ಕೈಯಲ್ಲಿ ಅಂಥ ಜರಡಿ ಇರಲಿಲ್ಲ. ಸ್ಕಾಟ್‌ಲೆಂಡಿನಿಂದ ವಲಸೆ ಬಂದ ಲಾವಣಿ, ಇಗರ್ಜಿಯ ಭಕ್ತಿಗೀತೆ, ಪಟ್ಟಣದ ದಿವಾನಖಾನೆಗಳಿಗೆಂದು ಅಚ್ಚಾಗಿ ಕ್ರಮೇಣ ಬೆಟ್ಟ ಹತ್ತಿಬಂದ ಪ್ರೇಮಗೀತೆ, ರೈಲುಹಾದಿ ಹಾಕಿದ ಕಪ್ಪುಜನರ ಶೋಕಗಾನ—ಎಲ್ಲವೂ ಅವನಿಗೆ ಹಾಡೇ. ಇದನ್ನು ಅಜ್ಞಾನವೆಂದು ಹೇಳುವವರು ಹೇಳಲಿ. ಜನ ನಿಜವಾಗಿ ಏನನ್ನು ಹಾಡುತ್ತಿದ್ದರೆಂಬುದರ ಬಗೆಗೆ ವಿದ್ವಾಂಸನ ಸಂಗ್ರಹಕ್ಕಿಂತ ಈ ಸಸಿ ಮಾರುವವನ ಸಂಗ್ರಹವೇ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ ಎಂದು ನನ್ನ ಎಣಿಕೆ.

1927ರ ಬೇಸಗೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಬ್ರಿಸ್ಟಲ್ ಪಟ್ಟಣಕ್ಕೆ ಬಂದ. ವರ್ಜೀನಿಯಾ ಮತ್ತು ಟೆನೆಸ್ಸೀಗಳ ಗಡಿರೇಖೆ ಆ ಪಟ್ಟಣದ ಮುಖ್ಯ ಬೀದಿಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿಯ ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಧ್ವನಿಮುದ್ರಣದ ಯಂತ್ರ ಹೂಡಲಾಯಿತು. 1925ರಿಂದ ಬಳಕೆಗೆ ಬಂದಿದ್ದ ವಿದ್ಯುತ್ ಮೈಕ್ರೊಫೋನ್ ದೊಡ್ಡ ದನಿಯ ನಾಟಕದ ಗಾಯಕರಿಗಷ್ಟೇ ಅಲ್ಲ, ಜಗಲಿಯ ಮೇಲೆ ಕುಳಿತು ಮೆಲುದನಿಯಲ್ಲಿ ಹಾಡುವವರಿಗೂ ಬಾಗಿಲು ತೆರೆದಿತ್ತು. ಜುಲೈ 25ರಿಂದ ಆಗಸ್ಟ್ 5ರವರೆಗೆ 19 ಮೇಳಗಳವರು ಅಲ್ಲಿ 76 ಮುದ್ರಣಗಳನ್ನು ಮಾಡಿದರು. ತಮ್ಮನ ಕಾರನ್ನು ಎರವಲು ಪಡೆದು, ಪ್ರತಿಯಾಗಿ ಅವನ ಜೋಳದ ಹೊಲದ ಕಳೆ ಕೀಳುವ ಮಾತುಕೊಟ್ಟು, ಕಾರ್ಟರನೂ ಹೊರಟನಂತೆ. ಕಾರಿನಲ್ಲಿದ್ದವರು ಮೊಲೆಯುಣ್ಣುವ ಕೂಸಿನ ತಾಯಿ ಸಾರಾ, ತುಂಬು ಗರ್ಭಿಣಿಯಾದ ಹದಿನೆಂಟರ ಮೇಬೆಲ್, ಕೂಸನ್ನು ಆಡಿಸಲು ಎಂಟು ವರ್ಷದ ಮಗಳು. ಕಲ್ಲುಹಾದಿಯಲ್ಲಿ ಚಕ್ರ ಒಡೆಯಿತು. ಆಗಸ್ಟ್ 1ರಂದು ನಾಲ್ಕು ಹಾಡು ಮುದ್ರಿತವಾದವು. ಮರುದಿನದ ಎರಡು ಹಾಡುಗಳಿಗೆ ಕಾರ್ಟರ್ ಇರಲೇ ಇಲ್ಲ, ಹೆಂಗಸರಿಬ್ಬರೇ ಹಾಡಿದರು. ಆ ಎರಡರಲ್ಲಿ ಒಂದು, ಮದುವೆಯಾಗದವಳ ಸ್ವಾತಂತ್ರ್ಯವನ್ನೂ ಮದುವೆಯಾದವಳ ಪಾಡನ್ನೂ ಎದುರುಬದುರು ಇಟ್ಟು ತೋರಿಸುವ ಹಾಡು. ಸಾರಾಳಿಗೆ ಅದನ್ನು ಹಾಡುವ ಮನಸ್ಸಿರಲಿಲ್ಲ. ಜನರಿಗೆ ಅದು ಬಹಳ ಹಿಡಿಸಿತು.

ಹಾಡಿಗೆ 50 ಡಾಲರಿನಂತೆ ಸಂಭಾವನೆ ಬಂತು. ಬೆಟ್ಟದ ಒಕ್ಕಲಿಗೆ ಅದು ದೊಡ್ಡ ಹಣ. ಆದರೆ ವ್ಯಾಪಾರದ ಮರ್ಮ ಬೇರೆ ಕಡೆ ಇತ್ತು. 1909ರ ಕಾನೂನಿನ ಪ್ರಕಾರ ಮಾರಾಟವಾದ ಪ್ರತಿಯೊಂದು ತಟ್ಟೆಗೂ ಹಾಡಿನ ಕೃತಿಸ್ವಾಮ್ಯವುಳ್ಳವರಿಗೆ ಎರಡು ಸೆಂಟು ಸಲ್ಲಬೇಕು. ಪಿಯರ್ ಕಂಪನಿಯಿಂದ ಹೆಚ್ಚಿನ ಸಂಬಳ ಬೇಡದೆ ಈ ಸ್ವಾಮ್ಯವನ್ನೇ ತನ್ನದಾಗಿ ಇಟ್ಟುಕೊಂಡಿದ್ದ. ಅದರಲ್ಲೊಂದು ಅಲ್ಪಭಾಗ ಹಾಡುಗಾರರಿಗೆ. ಬೇರೊಬ್ಬರ ಹೆಸರಿನಲ್ಲಿ ಆಗಲೇ ದಾಖಲಾದ ಹಾಡಿನಿಂದ ಅವನಿಗೆ ಲಾಭವಿಲ್ಲ. ಆದ್ದರಿಂದ ಹಾಡು ಹೊಸದಾಗಿರಬೇಕು, ಇಲ್ಲವೆ ಯಾರದೆಂದು ತಿಳಿಯದಷ್ಟು ಹಳೆಯದಾಗಿರಬೇಕು. ಹೀಗೆ ಊರೆಲ್ಲರ ಸೊತ್ತಾಗಿದ್ದ ಹಾಡು ಎ. ಪಿ. ಕಾರ್ಟರನ ಹೆಸರಿನಲ್ಲಿ ನೋಂದಣಿಯಾಗಲು ಮೊದಲಾಯಿತು. 1928ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಕ್ಯಾಮ್‌ಡೆನ್ ನಗರದಲ್ಲಿ ಮುದ್ರಿತವಾಗಿ ದೇಶವನ್ನೆಲ್ಲ ಸುತ್ತಿದ ‘ವೈಲ್ಡ್‌ವುಡ್ ಫ್ಲವರ್’ ವಾಸ್ತವದಲ್ಲಿ 1860ರಲ್ಲಿ ಅಚ್ಚಾದ ಒಂದು ಪ್ರೇಮಗೀತೆ. ಬೆಟ್ಟದವರ ಬಾಯಲ್ಲಿ ಎರಡು ಮೂರು ತಲೆಮಾರು ಉರುಳಿ, ಕೆಲವು ಪದಗಳಿಗೆ ಅರ್ಥವೇ ಉಳಿಯದಷ್ಟು ಸವೆದು, ಕಾರ್ಟರನ ಮನೆ ಸೇರಿತ್ತು.

ಕೈಯಲ್ಲಿದ್ದ ಹಾಡುಗಳು ಬೇಗನೆ ಮುಗಿದವು. ಕಂಪನಿ ಇನ್ನಷ್ಟು ಬೇಡಿತು. ಕಾರ್ಟರ್ ಹಾಡು ಹುಡುಕಿ ಹೊರಟ. ಯಾವುದೋ ಹಟ್ಟಿಯ ಮುದುಕಿಗೆ ಒಂದು ಪದ ಬರುತ್ತದೆಂದು ಕೇಳಿದರೆ ಸಾಕು, ಹಳ್ಳ ದಾಟಿ ಹೋಗಿ ಬಾಗಿಲು ತಟ್ಟುತ್ತಿದ್ದ. ಗಣಿ ಕೆಲಸಗಾರರ ಬಿಡಾರ, ಕಾರ್ಖಾನೆಯ ಕೇರಿ, ಇಗರ್ಜಿಯ ಅಂಗಳ—ಹೋಗದ ಜಾಗವಿಲ್ಲ. ಆದರೆ ಅವನಿಗೊಂದು ಕೊರತೆ. ಪದ ಬರೆದುಕೊಳ್ಳಬಲ್ಲ, ಮಟ್ಟು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು. ಈ ಕೊರತೆಯನ್ನು ತುಂಬಿದವನು ಲೆಸ್ಲಿ ರಿಡಲ್.

ರಿಡಲ್ ಉತ್ತರ ಕೆರೊಲಿನಾದ ಬರ್ನ್ಸ್‌ವಿಲ್ಲಿನಲ್ಲಿ 1905ರಲ್ಲಿ ಹುಟ್ಟಿದ ಕಪ್ಪುಜನಾಂಗದ ಯುವಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಬಲಗಾಲನ್ನು ಕಳೆದುಕೊಂಡಿದ್ದ. ಬಂದೂಕಿನ ಆಕಸ್ಮಿಕವೊಂದರಲ್ಲಿ ಬಲಗೈಯ ಎರಡು ಬೆರಳೂ ಹೋಗಿದ್ದವು. ಉಳಿದ ಬೆರಳುಗಳಿಗೆ ತಕ್ಕ ವಾದನಕ್ರಮವನ್ನು ತಾನೇ ಕಂಡುಕೊಂಡು ಗಿಟಾರನ್ನು ಹಾಡಿಸುತ್ತಿದ್ದ. ಟೆನೆಸ್ಸೀಯ ಕಿಂಗ್ಸ್‌ಪೋರ್ಟಿನಲ್ಲಿ ಇವನನ್ನು ಕಂಡ ಕಾರ್ಟರ್ ಜೊತೆಯಲ್ಲಿ ಕರೆದುಕೊಂಡು ತಿರುಗತೊಡಗಿದ. ಕಾರ್ಟರ್ ಪದ ಬರೆಯುವನು, ರಿಡಲ್ ಮಟ್ಟನ್ನು ನೆನಪಿನಲ್ಲಿ ತುಂಬಿಕೊಳ್ಳುವನು. ಮನೆಗೆ ಬಂದು ಸಾರಾಳಿಗೂ ಮೇಬೆಲಳಿಗೂ ಒಪ್ಪಿಸುವನು. ಬಿಳಿಯರೂ ಕಪ್ಪುಜನರೂ ಒಂದೇ ಉಪಾಹಾರಗೃಹದಲ್ಲಿ ಕುಳಿತು ಉಣ್ಣುವುದನ್ನು ದಕ್ಷಿಣದ ಕಾನೂನೂ ಕಟ್ಟಳೆಯೂ ನಿಷೇಧಿಸಿದ್ದ ಕಾಲ ಅದು. ಅಂಥ ಕಾಲದಲ್ಲಿ ರಿಡಲ್ ಬಡಕಣಿವೆಯ ಕಾರ್ಟರನ ಮನೆಯಲ್ಲಿ ದಿನಗಟ್ಟಲೆ ಇರುತ್ತಿದ್ದ. ಅವನು ಬೆರಳಾಡಿಸುವ ರೀತಿಯನ್ನು ಮೇಬೆಲ್ ನೋಡಿ ಕಲಿತಳು. ‘ಕ್ಯಾನನ್ ಬಾಲ್’ ಮೊದಲಾದ ಹಾಡುಗಳು ಅವನಿಂದಲೇ ಬಂದವು. ಆದರೆ ತಟ್ಟೆಯ ಮೇಲಿನ ಚೀಟಿಯಲ್ಲಿ ಇದ್ದದ್ದು ಕಾರ್ಟರನ ಹೆಸರು.

ಇಲ್ಲಿ ನ್ಯಾಯನಿರ್ಣಯ ಸುಲಭವಲ್ಲ. ಕಾರ್ಟರ್ ಕೇವಲ ನಕಲುಗಾರನಾಗಿರಲಿಲ್ಲ. ಮುರಿದ ಪಾದಗಳನ್ನು ಜೋಡಿಸಿದ, ಮೂರು ನಿಮಿಷದ ತಟ್ಟೆಗೆ ಹೊಂದುವಂತೆ ಲಾವಣಿಗಳನ್ನು ಸಂಕ್ಷೇಪಿಸಿದ. ಅವನು ಹೋಗದಿದ್ದರೆ ಎಷ್ಟೋ ಹಾಡುಗಳು ಆ ಮುದುಕಿಯರೊಡನೆ ಮಣ್ಣಾಗುತ್ತಿದ್ದವು. ಇಷ್ಟಾದರೂ, ಒಟ್ಟಿಗೆ ನಡೆದ ಹಾದಿಯ ಫಲ ಒಬ್ಬನ ಹೆಸರಿಗೆ ಮಾತ್ರ ಸಂದದ್ದು ಸಂದೇ ಇದೆ. ಮುಂದೆ ವುಡಿ ಗತ್ರಿ 1940ರಲ್ಲಿ ತನ್ನ ಸುಪ್ರಸಿದ್ಧ ನಾಡಗೀತೆಯನ್ನು ಬರೆದಾಗ ಅದಕ್ಕೆ ಹೊಂದಿಸಿದ್ದು ಕಾರ್ಟರ್ ಮೇಳದ ಭಕ್ತಿಗೀತೆಯೊಂದರ ಮಟ್ಟನ್ನು. ಕಾರ್ಟರನೂ ಅದನ್ನು ಬೇರೆಡೆಯಿಂದ ತಂದವನೇ.

ಹಾಡು ಹುಡುಕುತ್ತ ವಾರಗಟ್ಟಲೆ ಕಣ್ಮರೆಯಾಗುವ ಗಂಡ. ಕಟ್ಟಿಗೆ ಕಡಿದು, ಹೊಲ ಗೇಯ್ದು, ಮಕ್ಕಳನ್ನು ಸಾಕುವ ಹೆಂಡತಿ. ಸಾರಾಳಿಗೆ ಕೀರ್ತಿಯ ಹಂಬಲವಿರಲಿಲ್ಲ. ತಾನಿಲ್ಲದಾಗ ಆಕೆಗೆ ನೆರವಾಗಲೆಂದು ಕಾರ್ಟರ್ ತನ್ನ ಸೋದರಸಂಬಂಧಿ ಕೋಯ್ ಬೇಯ್ಸ್ ಎಂಬವನನ್ನು ನೇಮಿಸಿದ್ದ. ಅವರಿಬ್ಬರಲ್ಲಿ ಅನುರಾಗ ಬೆಳೆಯಿತು. ವಿಷಯ ಬಯಲಾದಾಗ ಬೇಯ್ಸನ ಮನೆಯವರು ಅವನೊಡನೆ ಪಶ್ಚಿಮಕ್ಕೆ ಹೊರಟು ಕ್ಯಾಲಿಫೋರ್ನಿಯ ಸೇರಿದರು. 1933ರ ಹೊತ್ತಿಗೆ ಸಾರಾ ಮನೆ ಬಿಟ್ಟು ಬೆಟ್ಟದಾಚೆಯ ತನ್ನವರ ಬಳಿಗೆ ಹೋದಳು; ಮುಂದೆ ವಿಚ್ಛೇದನವೂ ಆಯಿತು. ವಿಚಿತ್ರವೆಂದರೆ ಮೇಳ ಒಡೆಯಲಿಲ್ಲ. ದಂಪತಿಗಳು ಬೇರೆಯಾಗಿಯೂ ಒಂದೇ ಮೈಕ್ರೊಫೋನಿನ ಮುಂದೆ ನಿಂತು ಗೃಹಸೌಖ್ಯದ ಹಾಡುಗಳನ್ನು ಹಾಡುತ್ತಲೇ ಇದ್ದರು.

1938ರಲ್ಲಿ ಷಿಕಾಗೋದ ಔಷಧ ಕಂಪನಿಯೊಂದು ಇವರನ್ನು ಟೆಕ್ಸಾಸಿನ ಗಡಿಗೆ ಕರೆಸಿತು. ಗಡಿಯಾಚೆಯ ಮೆಕ್ಸಿಕೋ ನೆಲದಲ್ಲಿದ್ದ ಎಕ್ಸ್ಇಆರ್‌ಎ ರೇಡಿಯೋ ನಿಲಯದ ಒಡೆಯ ಡಾಕ್ಟರ್ ಬ್ರಿಂಕ್ಲಿ, ಹೋತದ ವೃಷಣಗ್ರಂಥಿಯನ್ನು ಗಂಡಸರಿಗೆ ಕಸಿಮಾಡುವೆನೆಂದು ಹಣ ಗಳಿಸಿ, 1930ರಲ್ಲಿ ಕ್ಯಾನ್ಸಸ್ ಸಂಸ್ಥಾನದ ವೈದ್ಯಕೀಯ ಪರವಾನಗಿಯನ್ನು ಕಳೆದುಕೊಂಡವನು. ಅಮೆರಿಕದ ಕಾನೂನಿಗೆ ನಿಲುಕದ ಆ ನಿಲಯದ ಶಕ್ತಿ ಅಮೆರಿಕದ ಯಾವುದೇ ನಿಲಯಕ್ಕೆ ಅನುಮತಿಯಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೀಗೆ ಕಪಟವೈದ್ಯನೊಬ್ಬನ ಆಕಾಶಮಾರ್ಗದಿಂದ ಬಡಕಣಿವೆಯ ಹಾಡು ಖಂಡದ ಮೂಲೆಮೂಲೆಗೂ ಹರಿಯಿತು. ಆರ್ಕನ್ಸಾದ ಹತ್ತಿಯ ಹೊಲದ ಮನೆಯೊಂದರಲ್ಲಿ ಅದನ್ನು ಕೇಳುತ್ತಿದ್ದ ಹುಡುಗ ಜಾನಿ ಕ್ಯಾಶ್. ಆತ 1968ರಲ್ಲಿ ಮೇಬೆಲಳ ಮಗಳು ಜೂನಳನ್ನೇ ಮದುವೆಯಾದ. ಅದೇ ನಿಲಯದಿಂದ 1939ರ ಫೆಬ್ರುವರಿಯ ಒಂದು ರಾತ್ರಿ ಸಾರಾ, ದೂರವಾದ ಪ್ರಿಯನನ್ನು ನೆನೆಯುವ ಹಾಡೊಂದನ್ನು ಕ್ಯಾಲಿಫೋರ್ನಿಯದ ಕೋಯ್ ಬೇಯ್ಸನಿಗೆ ಅರ್ಪಿಸುವೆನೆಂದು ಹೇಳಿ ಹಾಡಿದಳೆಂದು ಕುಟುಂಬದವರ ಹೇಳಿಕೆ. ಅವನು ಕೇಳಿದ, ಬಂದ, ಅದೇ ತಿಂಗಳು ಮದುವೆಯಾಯಿತು. ಕಾರ್ಟರ್ ಆಮೇಲೂ ಆಕೆಯ ಪಕ್ಕದಲ್ಲಿ ನಿಂತು ಹಾಡಿದ. ಅವನು ಮತ್ತೆ ಮದುವೆಯಾಗಲಿಲ್ಲ.

1941ರಲ್ಲಿ ‘ಲೈಫ್’ ಪತ್ರಿಕೆಯವರು ಬಡಕಣಿವೆಗೆ ಬಂದು ಚಿತ್ರಗಳನ್ನು ತೆಗೆದುಕೊಂಡು ಹೋದರು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿತ್ತು. ಲೇಖನ ಬೆಳಕು ಕಾಣಲಿಲ್ಲ. ಸುಮಾರು 300 ಹಾಡುಗಳನ್ನು ಮುದ್ರಿಸಿದ್ದ ಮೇಳ 1943ರಲ್ಲಿ ಚದುರಿತು. ಸಾರಾ ಪಶ್ಚಿಮಕ್ಕೆ ಹೋದಳು, ಮೇಬೆಲ್ ಹೆಣ್ಣುಮಕ್ಕಳೊಡನೆ ಹೊಸ ಮೇಳ ಕಟ್ಟಿದಳು, ಕಾರ್ಟರ್ ಕ್ಲಿಂಚ್ ಬೆಟ್ಟದ ಬುಡದಲ್ಲಿ ಕಿರಾಣಿ ಅಂಗಡಿ ಇಟ್ಟ. 1952ರಿಂದ 1956ರವರೆಗೆ ಸಾರಾ ಮತ್ತು ಮಕ್ಕಳೊಂದಿಗೆ ಚಿಕ್ಕ ಕಂಪನಿಯೊಂದಕ್ಕೆ ಮತ್ತೆ ಹಾಡಿದರೂ ಕೇಳಿದವರು ವಿರಳ. 1960ರ ನವೆಂಬರ್ 7ರಂದು ಆತ ತೀರಿಕೊಂಡ. ಮೇಸಸ್ ಸ್ಪ್ರಿಂಗಿನ ಇಗರ್ಜಿಯ ಅಂಗಳದಲ್ಲಿರುವ ಅವನ ಸಮಾಧಿಶಿಲೆಯಲ್ಲಿ ಗ್ರಾಮಫೋನ್ ತಟ್ಟೆಯ ಆಕೃತಿಯಿದೆ. 1979ರಲ್ಲಿ ಮಡಿದ ಸಾರಾಳನ್ನೂ ಅದೇ ಅಂಗಳದಲ್ಲಿ ಮಣ್ಣುಮಾಡಿದರು. ಅಂಗಡಿಯ ಕಟ್ಟಡದಲ್ಲಿ 1974ರಿಂದ ಮಗಳು ಜಾನೆಟ್ ಶನಿವಾರದ ಸಂಗೀತಕೂಟಗಳನ್ನು ನಡೆಸತೊಡಗಿದಳು.

ಲೆಸ್ಲಿ ರಿಡಲ್ ಉತ್ತರದ ರಾಚೆಸ್ಟರ್ ನಗರಕ್ಕೆ ವಲಸೆ ಹೋಗಿ, ಗಿಟಾರನ್ನು ಮಾರಿ, ಯಾರಿಗೂ ತಿಳಿಯದಂತೆ ಬಾಳುತ್ತಿದ್ದ. ಮೇಬೆಲ್ ಅವನ ಹೆಸರು ಹೇಳಿದ್ದನ್ನು ಕೇಳಿ ಗಾಯಕ ಮೈಕ್ ಸೀಗರ್ 1965ರಲ್ಲಿ ಅವನನ್ನು ಹುಡುಕಿ ತೆಗೆದ. ವಾದ್ಯವನ್ನು ಕೈಗಿತ್ತು, ಮುಂದಿನ ಹಲವು ವರ್ಷಗಳಲ್ಲಿ ಅವನ ಹಾಡುಗಳನ್ನು ಮುದ್ರಿಸಿಕೊಂಡ. ಅವು ರಿಡಲನ ಹೆಸರು ಹೊತ್ತ ಒಂದು ಸಂಪುಟವಾಗಿ ಹೊರಬಂದದ್ದು 1993ರಲ್ಲಿ. ಅಷ್ಟರಲ್ಲಿ ಅವನೂ ಇರಲಿಲ್ಲ.